ಜಾಗ ಇತ್ತು, ಇಲ್ಲ ಅಂದೆ

ಜಾಗ ಇತ್ತು. ನಾನು ಇಲ್ಲ ಅಂದೆ. ಬಾಯಿ ತಪ್ಪಿ ಅಂದದ್ದಲ್ಲ, ಲೆಕ್ಕ ತಪ್ಪಿಯೂ ಅಲ್ಲ — ಇದೆ ಎಂದು ಚೆನ್ನಾಗಿ ಗೊತ್ತಿದ್ದೇ ಅಂದೆ. ಆಮೇಲೆ ಆ ಸುಳ್ಳನ್ನು ಮುಚ್ಚಲು ಇನ್ನೊಂದು ಹೇಳಿದೆ. ಎರಡನೆಯದು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ, ಆದೋನಿ ಸುತ್ತಿನ ಶಾಲೆಗಳ ಮೇಷ್ಟ್ರುಗಳು ಇವತ್ತಿಗೂ ಅದನ್ನು ಜೋಕೆಂದು ಹೇಳಿಕೊಂಡು ನಗುತ್ತಾರೆ. ನೀವೂ ಕೇಳಿರಬಹುದು — ಕಂಪ್ಯೂಟರಿನಲ್ಲಿ ಫೈಲು ‘ತೆಗೀಲೇನ್ರಿ’ ಎಂದು ಕೇಳಿ, ಹೂಂ ಅಂದದ್ದಕ್ಕೆ ಎಲ್ಲವನ್ನೂ ಅಳಿಸಿ ಕೂತ ಟೀಚರಿನ ಕಥೆ. ಕೇಳಿ ನಕ್ಕಿದ್ದರೆ ದಯವಿಟ್ಟು ಇದನ್ನು ಓದಿ. ಆ ಕಥೆ ಕಟ್ಟಿದವನು ನಾನು. ಅದು ಹಾಗೆ ನಡೆಯಲೇ ಇಲ್ಲ.

ಆಂಧ್ರದ ಗಡಿಯೊಳಗೆ, ಕೋಸಗಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ, ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಹೇಳುವವನು ನಾನು. ಮನೆ ಆದೋನಿಯಲ್ಲಿ. ಶಾಲೆಯ ಕಂಪ್ಯೂಟರು ಕೋಣೆ ನನ್ನ ಕೈಲಿತ್ತು — ಯಾರೂ ಕೊಟ್ಟದ್ದಲ್ಲ, ನಾನೇ ಹಿಡಿದುಕೊಂಡದ್ದು. ಧೂಳು ತಿನ್ನುತ್ತ ಬಿದ್ದಿದ್ದ ಯಂತ್ರಗಳನ್ನು ಬಿಚ್ಚಿ, ಕೆಟ್ಟುಹೋದದ್ದರ ಹಾರ್ಡ್‌ಡಿಸ್ಕನ್ನು ಇನ್ನೊಂದಕ್ಕೆ ಜೋಡಿಸಿ, ಕಾಸು ಕೇಳದ ಲಿನಕ್ಸ್ ಸಿಸ್ಟಮ್ಮು ಹಾಕಿ, ಎಲ್ಲರ ಕಡತಗಳೂ ಒಂದೇ ಕಡೆ ಉಳಿಯುವಂತೆ ಒಂದು ಯಂತ್ರ ನಿಲ್ಲಿಸಿದೆ. ಆ ಕೆಲಸದ ಬಗ್ಗೆ ನನಗೆ ಸೊಕ್ಕು ಇತ್ತು. ಈಗಲೂ ಇದೆ, ಸುಳ್ಳೇಕೆ ಹೇಳಲಿ.

ಹಾರ್ಡ್‌ಡಿಸ್ಕನ್ನು ಪಾಲು ಮಾಡುವುದರಲ್ಲಿ ಎರಡು ಬಗೆ. ಹಳೆಯ ಬಗೆಯಲ್ಲಿ ಮೊದಲ ದಿನವೇ ಗೋಡೆ ಎಬ್ಬಿಸಿಬಿಡುತ್ತಾರೆ — ಇಷ್ಟು ಸಿಸ್ಟಮ್ಮಿಗೆ, ಇಷ್ಟು ಪಾಠಗಳಿಗೆ, ಇಷ್ಟು ಫೋಟೋಗಳಿಗೆ. ಆಮೇಲೆ ಒಂದು ಕಡೆ ತುಂಬಿ ತುಳುಕಿದರೂ ಪಕ್ಕದಲ್ಲಿ ಖಾಲಿ ಬಿದ್ದದ್ದು ಉಪಯೋಗಕ್ಕೆ ಬರುವುದಿಲ್ಲ. ನಾನು ಹಾಗೆ ಮಾಡಲಿಲ್ಲ. ಎರಡೂ ಡಿಸ್ಕುಗಳನ್ನು ಒಂದೇ ರಾಶಿಯಾಗಿ ಸೇರಿಸಿ, ಅದರಿಂದ ಯಾರಿಗೆ ಎಷ್ಟು ಬೇಕೋ ಅಷ್ಟು ಕೊಡುತ್ತ ಹೋಗುವ ಬಗೆ — ಎಲ್‌ವಿಎಂ ಅನ್ನುತ್ತಾರೆ — ಅದನ್ನು ಹಾಕಿದೆ. ಇದರಲ್ಲಿ ಪಾಲು ಹಿಗ್ಗಿಸುವುದು ಸುಲಭ, ಯಂತ್ರ ನಿಲ್ಲಿಸುವುದೂ ಬೇಡ. ಕೊಟ್ಟದ್ದನ್ನು ಕುಗ್ಗಿಸುವುದೇ ತಲೆನೋವು. ಹಾಗಾಗಿ ಮೊದಲು ಎಲ್ಲರಿಗೂ ಕಡಿಮೆ ಕೊಡಬೇಕು. ದೊಡ್ಡದೊಂದು ಭಾಗವನ್ನು ಯಾರ ಹೆಸರಿಗೂ ಹಚ್ಚದೆ ಉಳಿಸಿಕೊಳ್ಳಬೇಕು. ಪಂಕ್ತಿಯಲ್ಲಿ ಬಡಿಸುವವರೂ ಇದನ್ನೇ ಮಾಡುತ್ತಾರಲ್ಲ — ಮೊದಲ ಎಲೆಗೇ ಅನ್ನದ ಬುಟ್ಟಿ ಸುರಿಯುವುದಿಲ್ಲ. ಎಲೆಗೆ ಬಿದ್ದದ್ದನ್ನು ಮತ್ತೆ ಬುಟ್ಟಿಗೆ ಹಾಕಲು ಬರುವುದಿಲ್ಲ.

ಈ ಯೋಜನೆಯಲ್ಲಿ ತಪ್ಪಿರಲಿಲ್ಲ. ಮೊದಲ ಸಲ ಧಾರಾಳವಾಗಿ ಕೊಟ್ಟು ನೋಡಿದ್ದೆ — ಒಂದೇ ಧ್ವಜಾರೋಹಣದ ಅವೇ ಫೋಟೋಗಳನ್ನು ಮೂರು ನಾಲ್ಕು ಜನ ಬೇರೆ ಬೇರೆಯಾಗಿ ತುಂಬಿಟ್ಟು ಯಂತ್ರ ಕುಂಟುವಂತೆ ಮಾಡಿದರು. ಆಮೇಲೆ ಎಲ್ಲ ಕಿತ್ತು ಹೊಸದಾಗಿ ಹಾಕಿ, ಮೂರರಲ್ಲೊಂದು ಪಾಲಿಗಿಂತ ಹೆಚ್ಚೇ ಖಾಲಿ ಇಟ್ಟೆ. ಅದಕ್ಕೆ ನಾನು ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ. ನಾಳೆ ಹೊಸ ಯಂತ್ರ ಕೊಟ್ಟರೂ ಹಾಗೇ ಮಾಡುತ್ತೇನೆ. ನನ್ನ ತಪ್ಪು ಬೇರೆ. ಬುಟ್ಟಿಯಲ್ಲಿ ಅನ್ನ ಇಟ್ಟುಕೊಂಡು, ಎಲೆ ಮುಂದೆ ಕೂತವರಿಗೆ ಮುಗಿದಿದೆ ಅಂದದ್ದು ನನ್ನ ತಪ್ಪು. ಬೇರೆಯವರ ತೆರೆಯ ಮೇಲೆ ಅವರವರ ಪಾಲು ಮಾತ್ರ ಕಾಣುತ್ತಿತ್ತು. ರಾಶಿಯಲ್ಲಿ ಇನ್ನೆಷ್ಟು ಉಳಿದಿದೆ ಅನ್ನುವುದು ನನ್ನ ಪಾಸ್‌ವರ್ಡಿನ ಹಿಂದೆ, ನನಗೊಬ್ಬನಿಗೆ.

ಗಿರಿಜಮ್ಮ ಟೀಚರು ಲೆಕ್ಕ ಹೇಳುತ್ತಿದ್ದರು. ನಮ್ಮ ಕಡೆಯ ಲೆಕ್ಕದ ಮೇಷ್ಟ್ರ ಕಷ್ಟ ಬೇರೆ ಕಡೆಯವರಿಗೆ ತಿಳಿಯುವುದಿಲ್ಲ. ಬೇರೆ ಊರುಗಳಲ್ಲಿ ಸುಗ್ಗಿ ಅಂದರೆ ಹಿಗ್ಗು. ಇಲ್ಲಿ ‘ಸುಗ್ಗಿಗೆ ಹೋಗ್ಯಾರ’ ಅಂದರೆ ಮನೆಗೆ ಬೀಗ ಹಾಕಿ ದುಡಿಯಲು ಊರು ಬಿಟ್ಟಿದ್ದಾರೆ ಎಂದರ್ಥ. ಕೋಸಗಿ ಸ್ಟೇಷನ್ನಿನಲ್ಲಿ ಗಂಟುಮೂಟೆಯ ಜೊತೆ ಮಕ್ಕಳೂ ರೈಲು ಹತ್ತುತ್ತಾರೆ. ತಿಂಗಳುಗಟ್ಟಲೆ ಮೆಣಸಿನಕಾಯಿ ಬಿಡಿಸಿ, ಹತ್ತಿ ಬಿಡಿಸಿ ವಾಪಸು ಬರುವ ಹೊತ್ತಿಗೆ ಇಲ್ಲಿ ಬೀಜಗಣಿತ ಮುಗಿದು ಮುಂದಿನದು ನಡೆದಿರುತ್ತದೆ. ಅಂಥ ಮಕ್ಕಳನ್ನು ಹಿಂದಿನ ಬೆಂಚಿಗೆ ತಳ್ಳಿ ಮುಂದೆ ಹೋಗುವವರೇ ಹೆಚ್ಚು. ನಾನೂ ಅವರಲ್ಲೊಬ್ಬ. ಗಿರಿಜಮ್ಮ ಟೀಚರು ಮಾತ್ರ ಪ್ರತಿ ವರ್ಷ ಆ ಮಕ್ಕಳನ್ನು ವರಾಂಡದಲ್ಲಿ ಕೂಡಿಸಿಕೊಂಡು ಮೊದಲಿಂದ ಹೇಳುತ್ತಿದ್ದರು. ಹೇಳಿ ಹೇಳಿ ಗಂಟಲು ಒಡೆಯಿತು. ಡಾಕ್ಟರು — ಮಾತು ಕಡಿಮೆ ಮಾಡದಿದ್ದರೆ ಧ್ವನಿ ಉಳಿಯುವುದಿಲ್ಲ ಅಂದರಂತೆ.

ಅವರು ಒಂದು ಉಪಾಯ ಕಂಡುಕೊಂಡರು. ಬೆಂಚಿನ ಮೇಲೆ ಡಸ್ಟರಿಗೆ ಆನಿಸಿ ಫೋನಿಟ್ಟು, ತರಗತಿಯಲ್ಲಿ ಹೇಳುವ ಪಾಠವನ್ನೇ ವಿಡಿಯೋ ಮಾಡಿಕೊಳ್ಳತೊಡಗಿದರು. ಫೋನಿನಲ್ಲಿ ಹಿಡಿಯುತ್ತಿರಲಿಲ್ಲ, ನನ್ನ ಯಂತ್ರಕ್ಕೆ ಹಾಕಿ ಫೋನು ಖಾಲಿ ಮಾಡುತ್ತಿದ್ದರು. ‘ಫೋನಿನಾಗ ಯಾಕ ಇಟ್ಕೋತೀರಿ, ಇಲ್ಲಿ ಭದ್ರ ಇರ್ತಾವು’ ಎಂದು ಹೇಳಿದವನೂ ನಾನೇ. ಸುಗ್ಗಿಯಿಂದ ಬಂದ ಮಕ್ಕಳು ಮಧ್ಯಾಹ್ನ ಉಂಡು ಬಂದು ಆ ಪಾಠಗಳನ್ನು ಹಾಕಿಕೊಂಡು ಕೂತರೆ ಟೀಚರು ಬಾಯಿ ಬಿಡುವ ಕೆಲಸವಿರಲಿಲ್ಲ.

ಒಂದು ಸಲ ನಾನೂ ಕೂತು ನೋಡಿದ್ದೇನೆ. ಪುಸ್ತಕದ ಕನ್ನಡವೇ ಅಲ್ಲ ಅದು. “ಪುಸ್ತಕ ತೆಗೀರಿ. ಮೊದಲ ಕಂಸ ತೆಗೀರಿ. ಈಗ ಹದಿಮೂರರಾಗ ಐದು ತೆಗೀರಿ. ಏನ್ ಉಳೀತು? ಆ ಕಡಿ ಒಯ್ದ್ರ ಚಿಹ್ನಿ ತಿರುಗ್ತೈತಿ, ನೆಪ್ಪಿರ್ಲಿ.” ಒಂದೇ ‘ತೆಗಿ’ — ಪುಸ್ತಕ ಬಿಚ್ಚಲಿಕ್ಕೂ ಅದೇ, ಕಳೆಯಲಿಕ್ಕೂ ಅದೇ, ಕಂಸ ಅಂದರೆ ಬ್ರ್ಯಾಕೆಟ್ಟು ಬಿಡಿಸಲಿಕ್ಕೂ ಅದೇ. ಒಂದು ಮಗುವೂ ಎಲ್ಲಿಯೂ ಎಡವಲಿಲ್ಲ. ಪುಸ್ತಕದಲ್ಲಿರುವಂತೆ ಹೇಳಬಾರದೇ ಎಂದು ಕೇಳಿದ್ದಕ್ಕೆ, “ಮನಿ ಮಾತಿನಾಗ ಹೇಳಿದ್ರ ಲೆಕ್ಕ ಮನಿಗೆ ಬರ್ತೈತ್ರಿ ಸಾರ್” ಅಂದರು. ನನಗೆ ಸಿಟ್ಟು ಬಂತು. ಉತ್ತರ ಸರಿ ಇತ್ತು, ಅದಕ್ಕೇ ಬಂತು.

ಆ ದಿನಕ್ಕೆ ಬರುತ್ತೇನೆ. ಅದಕ್ಕೂ ಸ್ವಲ್ಪ ಮೊದಲು ಮೀಟಿಂಗಿನಲ್ಲಿ, ಹೆಡ್ಮಾಸ್ತರ ಎದುರಿಗೇ, ಟೀಚರು ನನ್ನನ್ನು ಕೇಳಿದ್ದರು — “ಕಂಪ್ಯೂಟರ್ ಲ್ಯಾಬ್ ನಿಮ್ಮ ಮನಿ ಅಲ್ಲಲ್ರಿ ಸಾರ್. ಚಾವಿ ಯಾವಾಗ್ಲೂ ನಿಮ್ಮ ಕಿಸೇದಾಗ ಯಾಕ ಇರ್ತೈತಿ?” ಎಲ್ಲರೂ ನನ್ನ ಕಡೆ ನೋಡಿದರು. ಆವತ್ತಿನಿಂದ ನಾನು ಒಳಗೊಳಗೇ ಕುದಿಯುತ್ತಿದ್ದೆ. ಇದನ್ನು ಕಾರಣವೆಂದು ಹೇಳುತ್ತಿಲ್ಲ. ಕುದಿಯುತ್ತಿದ್ದವನು ಏನು ಮಾಡಿದ ಅನ್ನುವುದು ನಿಮಗೆ ಗೊತ್ತಿರಲಿ ಎಂದು ಹೇಳಿದೆ.

ಟೀಚರು ಫೋನು ಹಿಡಿದುಕೊಂಡು ಲ್ಯಾಬಿಗೆ ಬಂದರು. ಹತ್ತನೇ ತರಗತಿಯ ಹೊಸ ಪಾಠಗಳಿದ್ದವು. ಯಂತ್ರ ತೆಗೆದುಕೊಳ್ಳಲೊಲ್ಲದು, ಅವರ ಪಾಲು ತುಂಬಿತ್ತು.

“ಸಾರ್, ಇನ್ನ ಜಾಗ ಐತೇನ್ರಿ?”

“ಇಲ್ರಿ ಟೀಚರ್. ಜಾಗ ಇಲ್ಲ.”

ಎಷ್ಟು ಸಲೀಸಾಗಿ ಬಂತು ಆ ಮಾತು! ಒಂದೇ ಒಂದು ಸಾಲು ಬರೆದು ಎಂಟರ್ ಒತ್ತಿದ್ದರೆ, ಅವರು ಕುರ್ಚಿ ಎಳೆದು ಕೂಡುವುದರೊಳಗೆ ಅವರ ಪಾಲು ಎರಡರಷ್ಟಾಗುತ್ತಿತ್ತು. ಇಂಥ ಗಳಿಗೆಗೆಂದೇ ಅಲ್ಲವೆ ನಾನು ಆ ಜಾಗ ಉಳಿಸಿದ್ದು? ಹೋಗಲಿ, ಅವರು ಇನ್ನೊಂದು ಸಲ ಕೇಳುತ್ತಾರೆ ಎಂದು ಕಾದೆ — ನಿಜ ಹೇಳಬೇಕೆಂದರೆ ಅದನ್ನೇ ಕಾದೆ. ‘ಸಾರ್, ಹೆಂಗಾರ ಮಾಡಿ’ ಅನ್ನಲಿ, ಸ್ವಲ್ಪ ಬೇಡಿಕೊಳ್ಳಲಿ. ಆಗ ನಾನು ತಲೆ ಕೆರೆದುಕೊಂಡು, ಏನೋ ದೊಡ್ಡ ಕಸರತ್ತು ಮಾಡಿದವನಂತೆ ನಟಿಸಿ, ಜಾಗ ಹುಟ್ಟಿಸಿ ಕೊಡುವುದು. ಮೀಟಿಂಗಿನ ಮಾತಿಗೆ ಅದು ನನ್ನ ಉತ್ತರ. ಇಷ್ಟು ಸಣ್ಣದು ನನ್ನ ಮನಸ್ಸು.

ಅವರು ಬೇಡಿಕೊಳ್ಳಲಿಲ್ಲ. ತೆರೆಯ ಮೇಲಿದ್ದ ತಮ್ಮ ಪಾಠಗಳ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು.

“ಹತ್ತನೇದವ್ರಿಗೆ ಪರೀಕ್ಷಿ ಐತಿ. ಎಂಟನೇದವು ಸುಗ್ಗಿಯವ್ರು ಬರೋದ್ರಾಗ ಮತ್ತ ಮಾಡ್ಕೊಂಡೇನು… ಹಂಗಾದ್ರ ಹಳೇವು ತೆಗೀಲೇನ್ರಿ?”

“ತೆಗೀರಿ” ಅಂದೆ.

ಅಂದು, ಉಗ್ಗಾಣಿ ತಿನ್ನಲು ಸ್ಟಾಫ್ ರೂಮಿಗೆ ಹೋದೆ. ಹೋಗುವಾಗಲೂ ನನ್ನ ಲೆಕ್ಕ ಒಂದೇ — ಅಳಿಸಲು ಅವರಿಗೆ ಕೈ ಬರುವುದಿಲ್ಲ, ಹಿಂದೆಯೇ ಓಡಿ ಬರುತ್ತಾರೆ. ಅವರು ಬರಲಿಲ್ಲ. ತಿಂದು, ಕೈ ತೊಳೆದು, ವಾಪಸು ಹೋಗುವಷ್ಟರಲ್ಲಿ ಎಂಟನೆಯ ತರಗತಿಯ ಅಷ್ಟೂ ಪಾಠಗಳು ಹೋಗಿ, ಅದೇ ಜಾಗದಲ್ಲಿ ಹತ್ತನೆಯವು ಬಂದು ಕೂತಿದ್ದವು. ಆಮೇಲೆ ಯಾರೂ ಇಲ್ಲದಾಗ ಅಳಿದದ್ದನ್ನು ಹುಡುಕಿ ತೆಗೆಯಲು ಏನೆಲ್ಲ ಮಾಡಿದೆ. ಹಳೆಯದರ ಮೇಲೆ ಹೊಸದು ಬರೆದುಹೋಗಿತ್ತು. ಸಿಕ್ಕದ್ದು ಚೂರುಪಾರು — ಒಂದರಲ್ಲಿ ಅರ್ಧ ಬೋರ್ಡು, ಇನ್ನೊಂದರಲ್ಲಿ ಮಾತಿಲ್ಲ. ಅವುಗಳ ಪಕ್ಕದಲ್ಲೇ ನಾನು ಕಾಪಾಡಿದ ಖಾಲಿ ಜಾಗ ಹಾಗೇ ಇತ್ತು.

ಎಂಟನೆಯದನ್ನು ಮತ್ತೆ ಮಾಡಿಕೊಳ್ಳಲು ಅವರಿಗೆ ಆಗಲಿಲ್ಲ. ಆ ವರ್ಷ ಸುಗ್ಗಿಯವರು ಬೇಗ ಬಂದರು. ಮಕ್ಕಳು ಲ್ಯಾಬಿಗೆ ಬಂದು ಕೇಳಿದರು, ಪಾಠಗಳಿಲ್ಲ. ಟೀಚರು ಅವರನ್ನು ಕರೆದುಕೊಂಡು ಮತ್ತೆ ವರಾಂಡಕ್ಕೆ ಹೋದರು — ಮಾರ್ಚಿನ ನಮ್ಮ ಬಿಸಿಲು, ಪಕ್ಕದ ತರಗತಿಗಳ ಗದ್ದಲ, ಅದರ ಮೇಲೆ ಕೇಳಿಸುವಂತೆ ಕೂಗಿ ಕೂಗಿ ಹೇಳಿದರು. ನನ್ನ ವಿಜ್ಞಾನದ ಪ್ರಯೋಗಶಾಲೆಯ ಕಿಟಕಿಗೆ ಅದು ಕೇಳಿಸುತ್ತಿತ್ತು. ಧ್ವನಿ ಮೊದಲು ಸೀಳಿತು, ಆಮೇಲೆ ಬರೀ ಗಾಳಿ. ಬೇಸಿಗೆ ರಜೆ ಮುಗಿದು ಬಂದಾಗ ಅವರ ಗಂಟಲಲ್ಲಿ ಪಾಠ ಹೇಳುವಷ್ಟು ಧ್ವನಿ ಉಳಿದಿರಲಿಲ್ಲ. ಕಾಗದಪತ್ರದ ಕೆಲಸಕ್ಕೆಂದು ಇಲಾಖೆಯ ಕಚೇರಿಗೆ ಹಾಕಿಸಿಕೊಂಡು ಹೋದರು. ಹೇಗೂ ಹೋಗುವ ಧ್ವನಿಯೇ ಇದ್ದಿರಬಹುದು ಎಂದು, ಈಚೆಗೆ ನಾನು ಇದನ್ನೆಲ್ಲ ಹೇಳಿಕೊಂಡ ಮೇಲೆ, ಒಬ್ಬರು ನನಗೆ ಸಮಾಧಾನ ಹೇಳಿದರು. ಇರಬಹುದು. ಆ ನೆರಳಿಗೆ ನಾನು ಹೋಗಿ ನಿಲ್ಲುವುದಿಲ್ಲ.

ಎರಡನೆಯ ಸುಳ್ಳು ಇನ್ನೂ ಹೇಳಿಲ್ಲ. ಮಕ್ಕಳು ಪಾಠಗಳಿಲ್ಲ ಎಂದು ದೂರಿದ ದಿನ ಹೆಡ್ಮಾಸ್ತರು ಸ್ಟಾಫ್ ರೂಮಿಗೇ ಬಂದರು. ಅವರದು ತೆಲುಗು. “ಏಂ ಸಾರ್, ಡಿಲೀಟ್ ಚೆಯ್ಯಮನಿ ಮೀರೇ ಚೆಪ್ಪಾರಂಟ ಕದಾ?” — ಅಳಿಸಿ ಎಂದು ನೀವೇ ಹೇಳಿದಿರಂತಲ್ಲ ಎಂದರು. ಗಿರಿಜಮ್ಮ ಟೀಚರು ಅಲ್ಲೇ ಕೂತಿದ್ದರು. ಆ ಕ್ಷಣ ಹೌದು ಅಂದಿದ್ದರೆ ಜಾಗದ ಮಾತು ಬರುತ್ತಿತ್ತು, ಯಂತ್ರ ತೋರಿಸಿ ಅನ್ನುತ್ತಿದ್ದರು, ನನ್ನ ಖಾಲಿ ಜಾಗ ಎಲ್ಲರಿಗೂ ಕಾಣುತ್ತಿತ್ತು. ನನಗೆ ಹೊಳೆದದ್ದು ಆ ಒಂದು ಶಬ್ದ.

“ನಾನ್ಯಾಕ ಡಿಲೀಟ್ ಮಾಡ್ರಿ ಅನ್ಲಿ ಸಾರ್? ಹಳೇವು ತೆಗೀಲೇನ್ರಿ ಅಂದ್ರು. ಓಪನ್ ಮಾಡಿ ನೋಡ್ತಾರ ಅಂದ್ಕೊಂಡು ತೆಗೀರಿ ಅಂದೆ.”

ಹೆಡ್ಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಯ್ಯೋ, ತಲುಪು ತೀಯಮಂಟೇ ತಲುಪೇ ಪೀಕೇಶಾರಾ!” — ಬಾಗಿಲು ತೆಗೆ ಅಂದರೆ ಬಾಗಿಲನ್ನೇ ಕಿತ್ತುಬಿಟ್ಟಿರಾ ಎಂದರು. ಅವರ ತೆಲುಗಿನಲ್ಲೂ ಆ ಶಬ್ದ ಹೀಗೇ ಎರಡು ಕಡೆ ಹೊರಳುತ್ತದೆ, ಹಾಗಾಗಿ ಜೋಕು ಎಲ್ಲರಿಗೂ ಹಿಡಿಸಿತು. ಇಡೀ ಕೋಣೆ ನಕ್ಕಿತು. ಟೀಚರು ನನ್ನ ಮುಖ ನೋಡಿದರು. ಆ ನೋಟದಲ್ಲಿ ಅನುಮಾನ ಇದ್ದಿದ್ದರೆ ಒಳ್ಳೆಯದಿತ್ತು, ಇರಲಿಲ್ಲ — ಜಾಗ ಇಲ್ಲ ಅಂದದ್ದನ್ನೂ ಈಗ ಹೇಳಿದ್ದನ್ನೂ ನಂಬಿದ್ದರು. “ನಂದೇ ತಪ್ಪ್ರಿ” ಅಂದರು. “ಅಳಸ್ಲೇನ್ರಿ ಅಂತ ಬಿಡಿಸಿ ಕೇಳ್ಬೇಕಾಗಿತ್ತು ನಾನು.”

ಅಲ್ಲಿಂದ ಆ ಶಬ್ದ ಅವರಿಗೆ ಮುಳ್ಳಾಯಿತು. ತರಗತಿಯಲ್ಲಿ ‘ಕಂಸ ತೆಗೀರಿ’ ಅಂದರೆ ಹಿಂದಿನ ಬೆಂಚು ಕಿಸಕ್ಕೆನ್ನುತ್ತಿತ್ತು — ಮೇಷ್ಟ್ರುಗಳ ಜೋಕು ಮಕ್ಕಳಿಗೆ ಮುಟ್ಟಲು ಎಷ್ಟು ಹೊತ್ತು ಬೇಕು? ವರಾಂಡದ ಆ ಕೊನೆಯ ದಿನಗಳಲ್ಲಿ ಅವರು ‘ಓಪನ್ ಮಾಡ್ರಿ’, ‘ಕಳೆಯಿರಿ’, ‘ಆವರಣವನ್ನು ಬಿಡಿಸಿರಿ’ ಎಂದು ತಡವರಿಸುತ್ತಿದ್ದದ್ದು ನನ್ನ ಕಿವಿಗೆ ಬಿದ್ದಿದೆ. ಇದ್ದ ಬಿದ್ದ ಉಸಿರಿನಲ್ಲಿ ಬಾಯಿಗೆ ಬಾರದ ಶಬ್ದ ಹುಡುಕುತ್ತಿದ್ದರು. ಕೇಳಿಸಿಕೊಂಡು ಕಿಟಕಿ ಹಾಕಿಕೊಂಡವನು ನಾನು.

ಇಷ್ಟು ವರ್ಷ ಸುಮ್ಮನಿದ್ದವನಿಗೆ ಈಗೇನಾಯಿತು ಅನ್ನುತ್ತೀರಿ. ಆದೋನಿಯಲ್ಲಿ ಮೇಷ್ಟ್ರುಗಳ ಒಂದು ತರಬೇತಿಯಿತ್ತು. ಊಟದ ಹೊತ್ತಿನಲ್ಲಿ ಮದ್ದಿಕೇರ ಕಡೆಯ, ನಾನು ಕಂಡಿರದ ಒಬ್ಬ ಮೇಷ್ಟ್ರು ಆ ಕಥೆ ಎತ್ತಿದರು. ಅವರ ಬಾಯಲ್ಲಿ ಅದು ಬೇರೆ ಯಾವುದೋ ಶಾಲೆಯಲ್ಲಿ ನಡೆದದ್ದು, ಟೀಚರು ಒಬ್ಬ ಶುದ್ಧ ಪೆದ್ದಿ, ಕನ್ನಡವೂ ಸರಿಯಾಗಿ ಬಾರದವಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬೇಕೆಂದು ನಗಲಿಲ್ಲ, ಎಲ್ಲರ ಜೊತೆ ತಾನಾಗಿ ಬಂದುಬಿಟ್ಟಿತು… ಆ ನನ್ನ ನಗುವನ್ನು ನಾನೇ ಕೇಳಿಸಿಕೊಂಡೆ. ಕೈಯಲ್ಲಿದ್ದ ತುತ್ತು ತಟ್ಟೆಗೆ ಹಾಕಿ ಎದ್ದೆ.

ಮುಂದಿನ ಭಾನುವಾರ ಗಿರಿಜಮ್ಮ ಟೀಚರ ಮನೆಗೆ ಹೋದೆ. ಅವರು ಕಟ್ಟೆಯ ಮೇಲೆ ಕೂತು ಸೇಂಗಾ ಸುಲಿಯುತ್ತಿದ್ದರು. ಕುಶಲ ವಿಚಾರಿಸುವ ಮೊದಲೇ ಹೇಳಿದೆ — ವಿಚಾರಿಸಿದ್ದರೆ ಹೇಳುತ್ತಿರಲಿಲ್ಲ.

“ಟೀಚರ್, ಅವತ್ತು ಜಾಗ ಇತ್ತು. ನಾ ಸುಳ್ಳು ಹೇಳಿದ್ದೆ.”

ಅವರ ಕೈ ನಿಲ್ಲಲಿಲ್ಲ. “ಎಷ್ಟಿತ್ರಿ?” ಅಂದರು. ಪಿಸುಮಾತಿಗಿಂತ ಸ್ವಲ್ಪ ಮೇಲೆ, ಅಷ್ಟೇ ಈಗ ಅವರ ಧ್ವನಿ.

“ನಿಮ್ಮ ಹಳೇವು, ಹೊಸಾವು ಎಲ್ಲಾ ಹಿಡಿದು ಇನ್ನೂ ಉಳೀತಿತ್ತು.”

“ಮತ್ತ ತೆಗೀಲೇನ್ರಿ ಅಂದದ್ದು?”

“ತಿಳಿದಿತ್ತು. ಅಳಸ್ಲೇನು ಅಂತ ಕೇಳಾಕತ್ತೀರಿ ಅಂತ ಆವಾಗೇ ತಿಳಿದಿತ್ತು. ಆಮ್ಯಾಲೆ ಹೆಡ್ಮಾಸ್ತರ ಮುಂದ ಹೇಳಿದ್ದೂ ಸುಳ್ಳ.”

ಈಗ ಕೈ ನಿಂತಿತು. ಬೈಯುತ್ತಾರೆ ಎಂದುಕೊಂಡೆ, ಎದ್ದು ಒಳಗೆ ಹೋಗುತ್ತಾರೆ ಎಂದುಕೊಂಡೆ. ಅವರು ಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿದರು.

“ಹಂಗಾದ್ರ ನನ್ನ ಮಾತು ನೆಟ್ಟಗ ಇತ್ತು” ಅಂದರು. ನನಗೆ ಹೇಳಿದ್ದಲ್ಲ ಅದು. “ನನ್ನ ಕನ್ನಡ ನೆಟ್ಟಗ ಇತ್ತು. ನಾನು ಏನೇನೋ ಅಂದ್ಕೊಂಡಿದ್ನೆಲ್ಲ… ಮನಿ ಮಾತಿನಾಗ ಪಾಠ ಹೇಳಿದ್ದೇ ತಪ್ಪಾತೇನೋ ಅಂತ.”

ಸುಳ್ಳಿಗೆ ಇಷ್ಟು ಉದ್ದದ ಕೈ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಪಾಠಗಳು ಹೋದವು, ಗಂಟಲು ಹೋಯಿತು ಎಂದಷ್ಟೇ ಎಣಿಸಿಕೊಂಡಿದ್ದೆ. ತಾನು ಜೀವಮಾನವೆಲ್ಲ ಹೇಳಿದ ಬಗೆಯೇ ತಪ್ಪು ಎಂದು ಆ ಹೆಂಗಸು ಇಷ್ಟು ವರ್ಷ ಒಬ್ಬರೇ ನಂಬಿಕೊಂಡು ಕೂತಿದ್ದರು.

ಎದ್ದು ಹೊರಟವನನ್ನು ನಿಲ್ಲಿಸಿ ಅವರು ಇನ್ನೊಂದು ಮಾತು ಅಂದರು. “ನನಗಷ್ಟ ಹೇಳಿದ್ರ ಏನ್ ಬಂತ್ರಿ? ನಕ್ಕವ್ರು ಬ್ಯಾರೆ ಅದಾರ.”

ಅದಕ್ಕೇ ಮೊದಲು ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಹೇಳಿದೆ, ಈಗ ಬರೆಯುತ್ತಿದ್ದೇನೆ. ‘ಬಿಡ್ರಿ ಸಾರ್, ಯಾವ ಕಾಲದ ಮಾತು’ ಅಂದವರಿದ್ದಾರೆ. ‘ಒಂದು ಹಾರ್ಡ್‌ಡಿಸ್ಕಿನ ವಿಷಯ, ಇಷ್ಟು ದೊಡ್ಡದು ಮಾಡಬೇಕೇ’ ಅಂದವರಿದ್ದಾರೆ. ನಿವೃತ್ತರಾದ ಹೆಡ್ಮಾಸ್ತರು ಫೋನು ಮಾಡಿ, ಇದನ್ನೆಲ್ಲ ಬರೆದು ಶಾಲೆಯ ಮಾನ ಕಳೆಯಬೇಡಿ ಅಂದರು. ಅವರೆಲ್ಲರಿಗೂ ನನ್ನದು ಒಂದೇ ಉತ್ತರ — ನಗುವಾಗ ಇದು ಹಳೆಯ ಮಾತಾಗಿರಲಿಲ್ಲ, ಶಾಲೆಯ ಮಾನವೂ ಹೋಗಿರಲಿಲ್ಲ. ಈಗ ಹೇಗೆ ಹೋಯಿತು? ಆ ಜೋಕು ಬಿಡಲು ಆಗದಿದ್ದರೆ ಹೇಳಿ, ಬೇಡ ಅನ್ನುವುದಿಲ್ಲ. ಸರಿಯಾಗಿ ಹೇಳಿ. ಬುಟ್ಟಿ ತುಂಬ ಇಟ್ಟುಕೊಂಡು ಇಲ್ಲ ಅಂದ ವಿಜ್ಞಾನದ ಮೇಷ್ಟ್ರೊಬ್ಬನಿದ್ದ ಎಂದು ಶುರು ಮಾಡಿ. ಊರು, ಶಾಲೆ ಯಾವುದೆಂದು ಕೇಳಿದವರಿಗೆ ನನ್ನನ್ನು ತೋರಿಸಿ.

ಆ ಯಂತ್ರ ಇನ್ನೂ ಇದೆ. ಖಾಲಿ ಉಳಿದದ್ದನ್ನೆಲ್ಲ ಗಿರಿಜಮ್ಮ ಟೀಚರ ಹೆಸರಿಗೆ ಹಚ್ಚಿಬಿಡೋಣವೇ ಎಂದು ಒಮ್ಮೆ ಮನಸ್ಸಿಗೆ ಬಂತು. ಹಚ್ಚಲಿಲ್ಲ. ತುಂಬಲು ಧ್ವನಿ ಇಲ್ಲದವರಿಗೆ ಜಾಗ ಕೊಟ್ಟು ದೊಡ್ಡವನಾಗುವ ನಾಟಕ ನನಗೆ ಬೇಡ. ಮಾಡಿದ್ದು ಇಷ್ಟೇ: ಚಾವಿಯನ್ನೂ ಪಾಸ್‌ವರ್ಡನ್ನೂ ಈಗ ಲೆಕ್ಕ ಹೇಳುವ ಟೀಚರಿಗೆ ಕೊಟ್ಟೆ. ಹಿಗ್ಗಿಸುವುದು ಹೇಗೆಂದು ಕಲಿಸಿದೆ. ರಾಶಿಯಲ್ಲಿ ಎಷ್ಟು ಉಳಿದಿದೆ ಅನ್ನುವುದು ಈಗ ಎಲ್ಲರ ತೆರೆಯ ಮೇಲೂ ಕಾಣುತ್ತದೆ.

ಕ್ಷಮೆ ಮಾತ್ರ ಕೇಳಲಿಲ್ಲ. ಕಟ್ಟೆಯ ಮೇಲೆ ಕೂತಾಗಲೂ ಕೇಳಲಿಲ್ಲ, ಇಲ್ಲಿಯೂ ಕೇಳುವುದಿಲ್ಲ. ಸೊಕ್ಕು ಅನ್ನುವವರು ಅನ್ನಿ. ಕೇಳಿದರೆ ಅವರು ಕೊಟ್ಟುಬಿಡುತ್ತಾರೆ, ಅಂಥವರು ಅವರು. ‘ಇರ್ಲಿ ಬಿಡ್ರಿ ಸಾರ್, ಮನಸಿಗೆ ಹಚ್ಕೋಬ್ಯಾಡ್ರಿ’ ಎಂದು, ಉಳಿದಿರುವ ಅಷ್ಟಿಷ್ಟು ಧ್ವನಿಯನ್ನು ನನ್ನ ಸಮಾಧಾನಕ್ಕೆ ಸವೆಸುತ್ತಾರೆ. ಅದಕ್ಕೇ ಕೇಳುವುದಿಲ್ಲ.